ಪೀಪಿ ಹೋರಿಗೊಂದು ಬ್ಯಾಟರಿ ಗ್ರಿಪ್

ಬ್ಯಾಟರಿ ಗ್ರಿಪ್ ಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಒಂದು ಮಳೆಗಾಲ ಪೂರ್ತಿ ನಡೆಯಿತು. ಶಿಕಾರಿಪುರದಲ್ಲಿ ನಮ್ಮದೊಂದು ಚಿಕ್ಕ ಸ್ಟುಡಿಯೋ. ಫೋಟೋ ತೆಗೆಯುವುದು ನಾನು, ಕಂಪ್ಯೂಟರ್ ಮುಂದೆ ಕೂತು ಆಲ್ಬಂ ಮಾಡುವುದು ನನ್ನ ಗಂಡ. ಕ್ಯಾಮೆರಾದ ತಳಕ್ಕೆ ಸೇರಿಸಿಕೊಳ್ಳುವ ಆ ಗ್ರಿಪ್‌ನಲ್ಲಿ ಎರಡು ಬ್ಯಾಟರಿ ಕೂರುತ್ತವೆ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿದಾಗ ಬೆರಳಿಗೆ ಸಿಗುವಂತೆ ಇನ್ನೊಂದು ಶಟರ್ ಗುಂಡಿಯೂ ಇರುತ್ತದೆ. ನನಗೆ ಅದು ಬೇಕು ಅನ್ನಿಸಿತ್ತು. ಯಾಕೆ ಬೇಕು ಎಂದು ಕೇಳಿದರೆ ಮಾತ್ರ ತಡವರಿಸುತ್ತಿದ್ದೆ.

"ಇನ್ನೊಂದು ಬ್ಯಾಟರಿ ಬ್ಯಾಗಲ್ಲಿ ಇಟ್ಕಂಡ್ರೆ ಮುಗೀತಲ್ಲ," ಎನ್ನುತ್ತಿದ್ದರು ನನ್ನ ಗಂಡ. "ಈ ಗ್ರಿಪ್ಪನ್ನೂ ಕ್ಯಾಮೆರಾಕ್ಕೆ ಯಾಕೆ ಕಟ್ಕೊಂಡು ತಿರುಗ್ತೀಯ? ಈಗ್ಲೇ ಮದುವೆ ಮುಗಿಸ್ಕಂಡು ಬಂದ್ರೆ ಕುತ್ತಿಗೆ ನೋವು ಅಂತ ಮಲಗ್ತೀಯ."

ಮಾತು ಸುಳ್ಳಾಗಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ದೀಪಾವಳಿ ಹತ್ತಿರ ಬಂದಾಗ ಉಡುತಡಿಯಿಂದ ಒಬ್ಬ ಅಜ್ಜಿ ಸ್ಟುಡಿಯೋಗೆ ಬಂದರು. ಕುರಿ ಸಾಕುವ ಮನೆತನ, ಗಟ್ಟಿ ಗಂಟಲು, ಯಾರಿಗೂ ಹೆದರದ ಕಣ್ಣು. ಹಬ್ಬ ಕಳೆದ ಮೇಲೆ ನಮ್ಮ ಕಡೆ ಊರೂರಲ್ಲಿ ಹೋರಿ ಬೆದರಿಸುತ್ತಾರೆ. ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿಯನ್ನು ಜನರ ನಡುವೆ ಓಡಲು ಬಿಡುತ್ತಾರೆ. ಹಿಡಿಯುವವರು ಕೊಬ್ಬರಿ ಹರಿಯಲು ನುಗ್ಗುತ್ತಾರೆ. ಯಾರ ಕೈಗೂ ಸಿಗದೆ ಓಡಿದ ಹೋರಿಗೆ ಗೆಲುವು. ಕೆಲವು ಹೋರಿಗಳ ಕೊಂಬಿಗೆ ಬಲೂನು, ಬಣ್ಣದ ಕಾಗದ ಕಟ್ಟಿದ ಎತ್ತರದ ಕೋಲು ನಿಲ್ಲಿಸುತ್ತಾರೆ. ಅದಕ್ಕೆ ಪೀಪಿ ಅನ್ನುತ್ತೇವೆ. ಅಜ್ಜಿಯದು ಪೀಪಿ ಹೋರಿ.

ಅವರು ಸೆರಗಿನಿಂದ ಹಿಂದಿನ ವರ್ಷದ ಫೋಟೋಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಯಾರೋ ಮೊಬೈಲಿನಲ್ಲಿ ತೆಗೆದವು. ಒಂದರಲ್ಲಿ ಹೋರಿ ಇತ್ತು, ಪೀಪಿ ಇರಲಿಲ್ಲ. ಇನ್ನೊಂದರಲ್ಲಿ ಪೀಪಿ ಇತ್ತು, ಕಾಲುಗಳು ಇರಲಿಲ್ಲ.

"ಇದೇನ್ ಹೋರಿ ಫೋಟೋನಾ, ಬಲೂನ್ ಫೋಟೋನಾ?" ಎಂದರು. "ನಂಗೆ ಗೊರಸಿಂದ ಪೀಪಿ ತುದಿತನ ಬೇಕು ನೋಡವ್ವ. ನಾಕೂ ಕಾಲು ನೆಲ ಬಿಟ್ಟಿರ್ಬೇಕು. ಅದಕ್ಕೂ ವಯಸ್ಸಾತು, ಈ ವರ್ಷ ಓಡಿಸಿ ಸಾಕು ಮಾಡ್ತೀವಿ. ಆಕತೇನು ನಿನ್ ಕೈಲಿ?"

"ಆಕತಿ ಅಜ್ಜಿ," ಎಂದುಬಿಟ್ಟೆ.

ಹೇಳಿದ ಮೇಲೆ ಯೋಚನೆ ಹತ್ತಿತು. ಅಷ್ಟೆತ್ತರದ ಪೀಪಿ ಚೌಕಟ್ಟಿನಲ್ಲಿ ಹಿಡಿಯಬೇಕಾದರೆ ಕ್ಯಾಮೆರಾವನ್ನು ಉದ್ದಕ್ಕೇ ಹಿಡಿಯಬೇಕು. ಹೋರಿ ಕಣ್ಣ ಮುಂದಿರುವುದು ಉಸಿರು ಬಿಡುವಷ್ಟು ಹೊತ್ತು. ಮರುದಿನವೇ ಸೊರಬದ ಬಸ್ಸು ಹತ್ತಿದೆ. ಅಲ್ಲಿ ನನ್ನ ಚಿಕ್ಕಪ್ಪನ ಸ್ಟುಡಿಯೋ ಇದೆ. ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದ್ದೇ ಅವರು. ನಮ್ಮಿಬ್ಬರದೂ ಒಂದೇ ಮಾದರಿಯ ಕ್ಯಾಮೆರಾ, ಅವರ ಹತ್ತಿರ ಅದಕ್ಕೆ ಹೊಂದುವ ಗ್ರಿಪ್ಪೂ ಇತ್ತು. ಉಳವಿಯಲ್ಲಿ ಮದುವೆ ಮುಗಿಸಿ ಆಗಷ್ಟೇ ಬಂದು ಕೂತಿದ್ದರು.

"ಇದು ನಿಜವಾಗ್ಲೂ ಉಪಯೋಗಕ್ಕೆ ಬರ್ತದಾ ಚಿಕ್ಕಪ್ಪ?"

"ನಾನು ತಗಂಡಿದ್ದು ಯಾಕೆ ಗೊತ್ತಾ ಮಾರಾಯ್ತಿ? ಇದನ್ನ ಹಾಕಿದ್ರೆ ಕ್ಯಾಮೆರಾ ದೊಡ್ಡದಾಗಿ ಕಾಣ್ತದೆ. ಮದುವೆ ಮನೇಲಿ ಊಟಕ್ಕೆ ಮೊದ್ಲ ಪಂಕ್ತೀಲೇ ಕರೀತಾರೆ!" ಎಂದು ಹೊಟ್ಟೆ ಕುಣಿಯುವಂತೆ ನಕ್ಕರು. ಆಮೇಲೆ ಕಪಾಟಿನಿಂದ ತೆಗೆದು ನನ್ನ ಕೈಗಿಟ್ಟರು. "ಒಬ್ರು ಹೇಳಿದ್ ಕೇಳಿ ತಗಳೋ ಸಾಮಾನಲ್ಲ ಇದು. ತಗಂಡ್ ಹೋಗು. ಒಂದು ಹಬ್ಬ ಹೊಡೆದು ನೋಡು. ಕ್ಯಾಮೆರಾಕ್ಕೆ ಕೂರ್ಸೋ ತಿರುಪು ಮಾತ್ರ ಗಟ್ಟಿ ಬಿಗಿ ಮಾಡ್ಕ. ಸಡಿಲ ಆದ್ರೆ ಕ್ಯಾಮೆರಾ ಆಫ್ ಆಗ್ತದೆ."

ಹೋರಿ ಹಬ್ಬದ ದಿನ ಬೆಳಿಗ್ಗೆಯೇ ಹೋಗಿ ಅಖಾಡದ ಬೇಲಿಗೆ ಒತ್ತಿ ನಿಂತೆ. ಸುತ್ತ ಗಂಡಸರದೇ ಗುಂಪು. "ಅಕ್ಕಾರೆ, ಆ ಕಡೆ ಟ್ರ್ಯಾಕ್ಟರ್ ಮೇಲೆ ಹೆಂಗಸ್ರು ಕುಂತಾರೆ ನೋಡ್ರಿ," ಎಂದ ಒಬ್ಬ. "ನಾನು ನೋಡಾಕ ಬಂದಿಲ್ಲ, ಕೆಲ್ಸಕ್ಕೆ ಬಂದೀನಿ," ಎಂದೆ. ಅವನು ಪಕ್ಕಕ್ಕೆ ಸರಿದು ಜಾಗ ಬಿಟ್ಟ.

ಮೊದಲ ಹೋರಿ ಬಂದಾಗ ಕ್ಯಾಮೆರಾ ತಿರುಗಿಸಿ ಗ್ರಿಪ್ಪಿನ ಗುಂಡಿ ಒತ್ತಿದೆ. ಸದ್ದೇ ಇಲ್ಲ! ಹೋರಿ ದಾಟಿ ಹೋಯಿತು. ಚಿಕ್ಕಪ್ಪನ ಮಾತು ನೆನಪಾಗಿ ಕೈ ಹಾಕಿ ನೋಡಿದೆ. ತಿರುಪು ಬಿಗಿಯಾಗಿಯೇ ಇತ್ತು. ತಡಕಾಡಿದಾಗ ಆ ಗುಂಡಿಗೇ ಬೇರೆ ಲಾಕ್ ಇರುವುದು ಗೊತ್ತಾಯಿತು. ಅದನ್ನು ಸರಿಸಿದೆ. ಮುಂದಿನ ಹೋರಿಗೆ ಕ್ಯಾಮೆರಾ ಮಳೆ ಬಿದ್ದ ಹಾಗೆ ಪಟಪಟ ಸದ್ದು ಮಾಡಿತು.

ಮಧ್ಯಾಹ್ನದ ಹೊತ್ತಿಗೆ ನನಗೆ ಒಂದು ವಿಷಯ ತಿಳಿಯತೊಡಗಿತು. ಗ್ರಿಪ್ ಇಲ್ಲದೆ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೆ ಬಲಗೈಯ ಮೊಣಕೈ ಮೇಲಕ್ಕೆದ್ದು ನಿಲ್ಲುತ್ತದೆ. ಗುಂಪಿನಲ್ಲಿ ಯಾರ ಭುಜ ತಾಗಿದರೂ ಚಿತ್ರ ಅಲುಗುತ್ತದೆ. ಈಗ ಎರಡೂ ಮೊಣಕೈ ಪಕ್ಕೆಲುಬಿಗೆ ಒತ್ತಿಕೊಂಡಿದ್ದವು. ಯಾರು ತಳ್ಳಿದರೂ ನಾನೂ ಕ್ಯಾಮೆರಾವೂ ಒಟ್ಟಿಗೇ ವಾಲಿ ಒಟ್ಟಿಗೇ ನೆಟ್ಟಗಾಗುತ್ತಿದ್ದೆವು. ಲೆನ್ಸಿನ ಭಾರಕ್ಕೆ ಮೂತಿ ಕೆಳಗಾಗುತ್ತಿದ್ದ ಕ್ಯಾಮೆರಾ ಇವತ್ತು ಅಂಗೈಯಲ್ಲಿ ಸಮನಾಗಿ ಕೂತಿತ್ತು. ಭಾರವೆಂದು ನನ್ನ ಗಂಡ ಯಾವುದನ್ನು ಬೈದಿದ್ದರೋ ಅದೇ ಕೈಯನ್ನು ನಿಲ್ಲಿಸುತ್ತಿತ್ತು.

ಆಗ ಮೈಕಿನಲ್ಲಿ ಉಡುತಡಿಯ ಹೋರಿ ಎಂದು ಕೂಗಿದರು. ಎದುರಿನ ಟ್ರ್ಯಾಕ್ಟರಿನ ಮೇಲೆ ಅಜ್ಜಿ ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅಖಾಡದ ಬಾಯಲ್ಲಿ ಹೋರಿ ಒಮ್ಮೆ ನಿಂತು ಸುತ್ತ ನೋಡಿತು. ಪೀಪಿ ಗಾಳಿಗೆ ತೂಗಿತು. ಮೂಗುದಾರ ಬಿಟ್ಟದ್ದೇ ತಡ, ಹೊರಟಿತು ನೋಡಿ! ಒಬ್ಬ ಎಡದಿಂದ ನುಗ್ಗಿದ, ತಪ್ಪಿಸಿಕೊಂಡಿತು. ಮತ್ತಿಬ್ಬರು ಎದುರಿಗೇ ಬಂದರು. ನನ್ನ ಹಿಂದಿದ್ದ ಗುಂಪು ಒಮ್ಮೆಲೇ ಬೇಲಿಗೆ ಬಂದು ಬಿತ್ತು. ನಾನು ಮೊಣಕೈ ಬಿಗಿಹಿಡಿದು ಗುಂಡಿ ಒತ್ತಿಯೇ ಇದ್ದೆ. ಹೋರಿ ಹಾರಿತು. ಹಿಡಿಯಲು ಬಂದವರು ನೆಲಕ್ಕೆ ಮೊಣಕಾಲೂರಿದರು. ಕೊಬ್ಬರಿ ಸರದಲ್ಲಿ ಒಂದು ಗಿಟುಕೂ ಕಡಿಮೆಯಾಗದೆ ಅದು ಅಖಾಡ ದಾಟಿತು.

ಸ್ಕ್ರೀನ್ ನೋಡಲು ಭಯವಾಯಿತು. ನೋಡಿದೆ. ಗೊರಸಿನ ಕೆಳಗೆ ಬಿಸಿಲು, ಬಿಸಿಲಿನಲ್ಲಿ ಧೂಳು, ಮೇಲೆ ಪೀಪಿಯ ಕೊನೆಯ ಬಲೂನಿನವರೆಗೆ ಎಲ್ಲವೂ ಇತ್ತು. ನಾಲ್ಕೂ ಕಾಲು ನೆಲದಿಂದ ಮೇಲೆ! "ಬಂತು!" ಎಂದು ಕಿರುಚಿದೆ. ಪಕ್ಕದವನು ಬಗ್ಗಿ ನೋಡಿ ಹಿಂದಿನವರಿಗೆ ಹೇಳಿದ, ಅವರೂ ಕೂಗಿದರು. ಬೇಲಿ ಸುತ್ತಿ ಓಡಿ ಟ್ರ್ಯಾಕ್ಟರಿನ ಹತ್ತಿರ ಹೋದೆ. ಅಜ್ಜಿ ಹೋರಿ ಗೆದ್ದ ಸಂತೋಷದಲ್ಲಿ ಅಳುತ್ತಿದ್ದರು. ಸ್ಕ್ರೀನ್ ತೋರಿಸಿದ ಮೇಲೆ ಅಳು ನಿಲ್ಲಿಸಿ ನನ್ನ ಎರಡೂ ಕೆನ್ನೆ ಸವರಿ ಲಟಿಕೆ ಮುರಿದರು.

ಸಂಜೆ ಮನೆಯಲ್ಲಿ ನನ್ನ ಗಂಡ ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರು. ಹೋರಿಯ ಕಣ್ಣಿನ ರೆಪ್ಪೆ ಕಾಣುತ್ತಿತ್ತು. ಗೊರಸಿನಿಂದ ಪೀಪಿಯ ತುದಿಯವರೆಗೆ ಮೆಲ್ಲಗೆ ಸರಿಸಿ ನೋಡಿದರು.

"ಬ್ಯಾಟರಿ ಎಷ್ಟು ಖಾಲಿ ಆತು?" ಎಂದರು ಕೊನೆಗೆ.

"ಒಂದೂ ಪೂರ್ತಿ ಮುಗ್ದಿಲ್ಲ. ಆ ವಿಷಯದಾಗ ನೀವು ಹೇಳಿದ್ದೇ ಸರಿ. ಆದ್ರೂ ನಂಗೆ ಗ್ರಿಪ್ ಬೇಕು."

"ತಗಳಾಣ ಬಿಡು," ಎಂದು ನಕ್ಕರು. "ಇಂಥಾದ್ದು ತೆಗೆದ ಮೇಲೆ ನಾನ್ಯಾವ ಬಾಯಲ್ಲಿ ಬ್ಯಾಡ ಅನ್ಲಿ?"

ಹೊಸ ಗ್ರಿಪ್ ಬಂದ ಮೇಲೆ ಚಿಕ್ಕಪ್ಪನದನ್ನು ಸೊರಬಕ್ಕೆ ಒಯ್ದು ಕೊಟ್ಟೆ. ಅವರು ಚಿತ್ರ ನೋಡಿ, ಅದರ ಒಂದು ಪ್ರತಿ ತಮ್ಮ ಅಂಗಡಿಗೂ ಬೇಕೆಂದು ಹಟ ಹಿಡಿದರು.

ಕಟ್ಟು ಹಾಕಿಸಿದ ದೊಡ್ಡ ಫೋಟೋ ಒಯ್ಯಲು ಅಜ್ಜಿಯೇ ಬಂದರು. ಒಯ್ಯುವ ಮನಸ್ಸು ಮಾತ್ರ ಕಾಣಲಿಲ್ಲ. ಸ್ಟುಡಿಯೋ ಬಾಗಿಲಲ್ಲಿ ಅದನ್ನು ನಿಲ್ಲಿಸಿ, ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರನ್ನೂ ಬಿಡಲಿಲ್ಲ, ದಾರಿಯಲ್ಲಿ ಹೋಗುವವರನ್ನೂ ಬಿಡಲಿಲ್ಲ. "ನಮ್ಮನಿ ಹೋರಿ ಇದು, ನೋಡ್ರಿ ಬರ್ರಿ. ಯಾರ ಕೈಗೂ ಸಿಕ್ಕಿಲ್ಲ," ಎನ್ನುವರು. ಆಮೇಲೆ ನನ್ನ ಕಡೆ ಕೈ ತೋರಿಸಿ, "ಈಕಿ ಕೈಗೆ ಮಾತ್ರ ಸಿಕ್ಕೈತಿ," ಎನ್ನುವರು. ಕೇಳಿದವರೆಲ್ಲ ನಗುತ್ತಿದ್ದರು. ನನಗೆ ಆ ದಿನ ಬೇರೆ ಕೆಲಸವೇ ಆಗಲಿಲ್ಲ.