ಜೀಪಿನ ಸದ್ದು ಮುಂದೆ, ನಾನು ಹಿಂದೆ

೧೯೫೦ರ ಸುಮಾರಿಗೆ ನಾನು ಹುಕ್ಕೇರಿಯಲ್ಲಿ ಖಾಸಗಿ ವೈದ್ಯನಾಗಿದ್ದೆ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗಿಟ್ಟ ಜೀಪುಗಳಲ್ಲಿ ಒಂದನ್ನು ಪುಣೆಯಿಂದ ತರಿಸಿಕೊಂಡಿದ್ದೆ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಕೊಡುವ ಫೋರ್-ವ್ಹೀಲ್ ಗೇರು ಅದಕ್ಕಿತ್ತು. ಎತ್ತಿನ ಚಕ್ಕಡಿ ಹೂತುಹೋಗುವ ಎರೆಮಣ್ಣಿನಲ್ಲೂ ಏರಿ ಬರುತ್ತಿತ್ತು. ಪೆಟ್ರೋಲು ಮಾತ್ರ ವಿಪರೀತ ಕುಡಿಯುತ್ತಿತ್ತು, ಅದನ್ನೂ ಸಂಕೇಶ್ವರದಿಂದ ತರಬೇಕು. ಅದರ ಲಾಭ-ನಷ್ಟ ಇಷ್ಟೇ ಎಂದುಕೊಂಡಿದ್ದೆ.

ಮೊದಲೆಲ್ಲ ರೋಗಿಯ ಮನೆಯವರೇ ಚಕ್ಕಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ದಾರಿಯುದ್ದಕ್ಕೂ ಮಾತು. ತಡವಾದರೆ ಅವರಲ್ಲೇ ರೊಟ್ಟಿ ಉಂಡು ಪಡಸಾಲೆಯಲ್ಲಿ ಮಲಗುತ್ತಿದ್ದೆ. ಜೀಪು ಬಂದ ಮೇಲೆ ಅವರು ಹೇಳಿಕಳಿಸಿದರೆ ಸಾಕಾಯಿತು.

ಸುಗ್ಗಿಯ ನಂತರದ ದಿನಗಳಿರಬೇಕು. ಡೈರಿಯಲ್ಲಿ ರಸ್ತೆ ಕೆಟ್ಟದ್ದೆಂದಷ್ಟೇ ಬರೆದಿದ್ದೇನೆ. ದಡ್ಡಿ ಎಂಬ ಊರಿನ ಆಚೆಯ ಹಳ್ಳಿಯಿಂದ ಸಂತೆಗೆ ಬಂದವನೊಬ್ಬ ಸುದ್ದಿ ತಂದ. ರಾಮಪ್ಪನ ಹೆಂಡತಿ ಗಂಗವ್ವನಿಗೆ ಹಿಂದಿನ ದಿನದಿಂದ ಬೇನೆ, ಕೂಸು ಅಡ್ಡ ತಿರುಗಿದೆ. ಸುದ್ದಿ ತಂದವನ ಸಂತೆ ಮುಗಿದಿರಲಿಲ್ಲ. ನಾನೊಬ್ಬನೇ ಹೊರಟೆ.

ಊರು ಮುಟ್ಟಿದಾಗ ಕದಗಳೆಲ್ಲ ಮುಚ್ಚಿದ್ದವು. ಕಟ್ಟೆಯ ಮೇಲೆ ಒಬ್ಬ ಮುದುಕನಿದ್ದ.

"ಯಜ್ಜಾ, ರಾಮಪ್ಪನ ಮನಿ ಯಾವುದು?"

"ಯಾವ ರಾಮಪ್ಪ? ಅಂಥಾವ್ರು ಇಲ್ಲಿ ಯಾರೂ ಇಲ್ರಿ ಸಾಹೇಬ್ರ. ಜ್ವಾಳನೂ ಇಲ್ರಿ."

ಜೋಳದ ಮಾತಿನಿಂದ ನನಗೆ ತಿಳಿಯಿತು. ಅದು ಲೆವ್ಹಿಯ ಕಾಲ, ಬೆಳೆದ ಕಾಳಿನಲ್ಲಿ ಒಂದು ಪಾಲನ್ನು ಸರಕಾರಕ್ಕೆ ಕೊಡಬೇಕಿತ್ತು. ಬಚ್ಚಿಟ್ಟದ್ದನ್ನು ಹುಡುಕುವ ಅಧಿಕಾರಿಗಳು ಬರುತ್ತಿದ್ದದ್ದು ಜೀಪಿನಲ್ಲೇ.

"ನಾ ಡಾಕ್ಟರ್ ಇದ್ದೀನಿ!"

"ಹೋದ ಸಲ ಬಂದಾವ್ರು ಸಾಲಿ ಮಾಸ್ತರ್ ಅಂತ ಹೇಳಿದ್ರು."

ಜೀಪು ಬಿಟ್ಟು, ಬ್ಯಾಗು ಹಿಡಿದು ಓಣಿ ಓಣಿ ಅಲೆದೆ. ಕೊನೆಗೆ ಒಂದು ಕದದ ಹಿಂದೆ ನರಳುವ ದನಿ ಕೇಳಿ ಬಡಿದೆ.

"ಒಳಗ ಹೆರಿಗಿ ಐತ್ರಿ, ಗಂಡಸರು ಬರೂಹಂಗಿಲ್ಲ," ಎಂದಳು ಗಂಗವ್ವನ ಅತ್ತೆ.

"ಆಯಿ, ಹೆರಿಗಿ ಮಾಡ್ಸಾಕನ ಬಂದೀನಿ."

ಕದ ತುಸು ಸರಿಯಿತು. ಬ್ಯಾಗಿನಿಂದ ತೆಗೆದು ಹಿಡಿದ ಸ್ಟೆಥಾಸ್ಕೋಪು ಕಂಡ ಮೇಲೆ ಪೂರ್ತಿ ತೆರೆಯಿತು. ಗಂಗವ್ವನ ಹೊರಸಿನ ಸುತ್ತ ಕೌದಿ ಹೊದಿಸಿದ ಜೋಳದ ಚೀಲಗಳಿದ್ದವು. ಹೆರಿಗೆ ಕೋಣೆಗೆ ಅಧಿಕಾರಿ ಕಾಲಿಡುವುದಿಲ್ಲವೆಂದು ಓಣಿಯವರೆಲ್ಲ ಅಲ್ಲೇ ತಂದಿಟ್ಟಿದ್ದರು. ನನಗೆ ನಿಲ್ಲಲು ಜಾಗವಿರಲಿಲ್ಲ.

"ಇವನ್ನ ನೋಡಿಲ್ಲ ಅನ್ರಿ," ಎಂದು ಹಿತ್ತಲಿನಿಂದ ಬಂದ ರಾಮಪ್ಪ ಬೇಡಿಕೊಂಡ.

"ನೋಡಿಲ್ಲಪಾ. ಲಗೂನ ಸರಿಸು."

ಒಳಗೆ ಕೈ ಹಾಕಿ ಕೂಸನ್ನು ತಿರುಗಿಸಿ, ಕಾಲು ಹಿಡಿದು ತೆಗೆದೆ. ತಾಯಿ ಉಳಿದಳು. ಕೂಸು ಅಳಲಿಲ್ಲ.

ಮುಚ್ಚಿದ ಕದಗಳ ಮುಂದೆ ಕಳೆದ ಆ ಹೊತ್ತು ಕೈಗೆ ಸಿಕ್ಕಿದ್ದರೆ ಅದೂ ಉಳಿಯುತ್ತಿತ್ತೇ? ಜೀಪಿಲ್ಲದಿದ್ದರೆ ತಾಯಿಯೂ ಉಳಿಯುತ್ತಿರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಎರಡೂ ನಿಜವಿರಬಹುದು. ಚಕ್ಕಡಿಯಲ್ಲಾದರೆ ಮನೆಯವನೊಬ್ಬ ಜೊತೆಗಿರುತ್ತಿದ್ದ, ಊರಿನ ಕದ ತಾನಾಗಿ ತೆರೆಯುತ್ತಿತ್ತು.

ಕೈ ತೊಳೆದು ಅಂಗಳದಲ್ಲಿ ಕೂತೆ. ಅತ್ತೆ ತಂಬಿಗೆಯಲ್ಲಿ ನೀರು ತಂದು, ಅಳುತ್ತಲೇ ಹೇಳಿದಳು: "ಹೊತ್ತು ಮುಳುಗಾಕತ್ತೈತ್ರಿ. ನಿಮಗ ಜೀಪ ಐತಲ್ರಿ, ಲಗೂನ ಮನಿ ಮುಟ್ತೀರಿ."

ರೋಗಿಯ ಬಾಗಿಲಿಗೆ ಯಾರಂತೆ ಹೋಗಿ ನಿಲ್ಲುತ್ತೇನೆ ಎಂಬುದೂ ಚಿಕಿತ್ಸೆಯ ಭಾಗವೆಂದು ವೃತ್ತಿ ನನಗೆ ಕಲಿಸಿದ್ದು ಅಂದು. ಮುಂದೆ ಜೀಪನ್ನು ಊರ ಹೊರಗೇ ನಿಲ್ಲಿಸಿ ನಡೆದು ಹೋಗುತ್ತಿದ್ದೆ. ಕದಗಳು ತೆರೆದವು. ಉಂಡು ಮಲಗಿ ಹೋಗಿರೆಂದು ಮಾತ್ರ ಯಾರೂ ಅನ್ನಲಿಲ್ಲ. ಜೀಪು ಹೊರಗಿದೆಯೆಂದು ಎಲ್ಲರಿಗೂ ಗೊತ್ತಿತ್ತು.