ಅಜ್ಜಿಗೊಂದು ಕ್ರಿಯಾಪದ

ಕನ್ನಡದಲ್ಲಿ ಹಿರಿಯರು ಸಾಯುವ ಪದ್ಧತಿಯಿಲ್ಲ, ನೀವೂ ಗಮನಿಸಿರುತ್ತೀರಿ. ಅವರು ತೀರಿಕೊಳ್ಳುತ್ತಾರೆ, ಶಿವನ ಪಾದ ಸೇರುತ್ತಾರೆ, ಏನೂ ತೋಚದಿದ್ದರೆ ಸುಮ್ಮನೆ ಹೋಗಿಬಿಡುತ್ತಾರೆ. ಸಾಯುವುದೇನಿದ್ದರೂ ಜಿರಲೆ, ಇಲಿ ಮತ್ತು ಜಗಳವಾದ ದಿನ ಪಕ್ಕದ ಮನೆಯವರು. ನನ್ನ ಮಾತೃಭಾಷೆಯ ಈ ಸೂಕ್ಷ್ಮವನ್ನು ನನಗೆ ಕಲಿಸಿದ್ದು ಇಂಗ್ಲಿಷ್.

ಎಂಬತ್ತರ ದಶಕದಲ್ಲಿ, ನಾನು ವಿಜಯನಗರದಿಂದ ರಾಜಾಜಿನಗರಕ್ಕೆ ಕಾಲೇಜಿಗೆ ಹೋಗುತ್ತಿದ್ದಾಗ, ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಒಂದು ಉತ್ಸಾಹ ಹುಟ್ಟಿತು: ನಮ್ಮ ಪ್ರಬಂಧಗಳನ್ನು ಅಂಚೆಯಲ್ಲಿ ತರಿಸಿಕೊಂಡು ಇಂಗ್ಲೆಂಡಿನ ವಿದ್ಯಾರ್ಥಿಗಳು ತಿದ್ದಬೇಕು, ಅವರದನ್ನು ನಾವು. ಮೊದಲರ್ಧ ನ್ಯಾಯವಾಗಿತ್ತು; ಎರಡನೆಯದು ಮೊಮ್ಮಗ ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ.

ನನ್ನ ಪಾಲಿಗೆ ಬಂದವಳು ಹೆಲೆನ್. ನನ್ನನ್ನು ಸಾಕಿದ ಅಜ್ಜಿ ಆ ವರ್ಷವೇ ತೀರಿಕೊಂಡಿದ್ದರಿಂದ ಅವರ ಬಗ್ಗೆಯೇ ಬರೆದು, ‘ಎಕ್ಸ್‌ಪೈರ್ಡ್’ ಎಂಬ ಘನಗಂಭೀರ ಪದದಿಂದ ಮುಗಿಸಿದ್ದೆ. ದೈವಯೋಗವೋ ಏನೋ, ಹೆಲೆನ್ ತನ್ನ ತಾತನ ಬಗ್ಗೆ ಬರೆದಿದ್ದಳು. ಕೊನೆಯಲ್ಲಿ ಬೋಳುಬೋಳಾಗಿ ‘ಡೈಡ್’. ಪಾಪ, ತಾತನಿಗೆ ಇಷ್ಟೇನಾ ಮರ್ಯಾದೆ ಎಂದು ಮರುಗಿ, ಅದನ್ನು ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ ‘ಎಕ್ಸ್‌ಪೈರ್ಡ್’ ಎಂದು ತಿದ್ದಿದೆ. ಅದೇ ಹೊತ್ತಿಗೆ ಅವಳು ನನ್ನ ‘ಎಕ್ಸ್‌ಪೈರ್ಡ್’ ಹೊಡೆದು ‘ಡೈಡ್’ ಮಾಡಿದ್ದಳು. ಎರಡು ಲಕೋಟೆಗಳೂ ಸಮುದ್ರದ ಮೇಲೆಲ್ಲೋ ಎದುರುಬದುರಾಗಿರಬೇಕು. ಅಂಚಿನಲ್ಲಿ ಅವಳ ಟಿಪ್ಪಣಿ: ಎಕ್ಸ್‌ಪೈರ್ ಆಗುವುದು ಬಸ್ ಪಾಸು, ಮನುಷ್ಯರಲ್ಲ.

ತಿದ್ದುಪಡಿ ಸೇರಿಸಿ ಶುದ್ಧಪ್ರತಿ ಕಳಿಸಬೇಕಿತ್ತು. ಹೆಲೆನ್ ಒಪ್ಪುವ, ಅಜ್ಜಿಗೆ ಅವಮಾನವಾಗದ ಒಂದು ಕ್ರಿಯಾಪದ ನನಗೆ ಬೇಕಿತ್ತು. ಹೆದರಿ ‘ಡೈಡ್’ ಎಂದೇ ಬರೆದು, ಸೊಪ್ಪು ಬಿಡಿಸುತ್ತಿದ್ದ ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅಮ್ಮನ ಕೈ ನಿಂತಿತು.

“ಅಜ್ಜೀನ ಸತ್ತೋದ್ರು ಅಂತ ಬರೀತಾರೇನೋ? ಹೋದ್ರು ಅಂತ ಬರಿ, ಸಾಕು.”

ನಾಚಿಕೆಯಾಯಿತು. ಹಾಗೆಯೇ ಬರೆದೆ: ನನ್ನ ಅಜ್ಜಿ ‘ವೆಂಟ್’. ಅದು ಇಂಗ್ಲಿಷ್ ಅಲ್ಲವೆಂದು ನನಗೂ ಗೊತ್ತಿತ್ತು. ಆದರೆ ಅಜ್ಜಿಯ ವಿಷಯದಲ್ಲಿ ವ್ಯಾಕರಣಕ್ಕಿಂತ ಅಮ್ಮ ದೊಡ್ಡವಳು.

ತಿಂಗಳ ಮೇಲೆ ಪ್ರತಿ ವಾಪಸು ಬಂತು. ಹೆಲೆನ್ ಈ ಸಲ ಏನನ್ನೂ ಹೊಡೆದಿರಲಿಲ್ಲ. ಆ ಪದದ ಪಕ್ಕದಲ್ಲಿ, ವಾಕ್ಯ ಪೂರ್ತಿಯಾಗಿಲ್ಲವೆಂದು ತಿಳಿದು, ಸಣ್ಣ ಅಕ್ಷರದಲ್ಲಿ ಕೇಳಿದ್ದಳು: ಎಲ್ಲಿಗೆ?

ಉತ್ತರ ತುಂಬಿಸಲು ಪೆನ್ನು ತೆಗೆದುಕೊಂಡು ಕೂತೆ. ಅಜ್ಜಿ ಹೋದ ದಿನದಿಂದ ಒಮ್ಮೆಯೂ ಅಳದಿದ್ದ ನಾನು, ಆ ಹಾಳೆಯ ಮುಂದೆ ಅತ್ತುಬಿಟ್ಟೆ.