ಟೇಕಡಿ ಇಳಿಯುವ ಸೈಕಲ್

"ಮೊದಲ ಹೆಂಗ ಓಡಸ್ತೀರಿ ಹೇಳ್ರಿ, ಸೈಕಲ್ ಆಮ್ಯಾಲ ನೋಡೋಣು," ಅಂದರು ಸದಾಶಿವ ಪೇಠದ ಅಂಗಡಿಯವರು. ಬೆಳಗಾವಿ ಕಡೆಯವರು, ನಮ್ಮಿಬ್ಬರ ಮಾತು ಕಿವಿಗೆ ಬೀಳುತ್ತಲೇ ಮರಾಠಿ ಬಿಟ್ಟು ಕನ್ನಡಕ್ಕೆ ಬಂದಿದ್ದರು.

"ಕಾಲೇಜಿಗೆ ಹೋಗ್ಲಿಕ್ಕೆ. ಸಂಡೇ ಸ್ವಲ್ಪ ಕಚ್ಚಾ ರಸ್ತೆ," ಅಂದಳು ಮೊಮ್ಮಗಳು, ನನ್ನ ಮುಖ ನೋಡದೆ.

ಸುಳ್ಳು. ಹಿಂದಿನ ವಾರ ಮಾರ್ನಿಂಗ್ ವಾಕ್‌ಗೆ ಟೇಕಡಿ ಹತ್ತಿದ್ದೆ. ಊರ ನಡುವಿನ ಆ ಗುಡ್ಡದ ಮೇಲೆ ಅವಳನ್ನು ಕಂಡೆ. ಗೆಳತಿಯ ಸೈಕಲ್ಲು. ಪೆಡಲ್ ಮೇಲೆ ಎದ್ದು ನಿಂತು, ಕಲ್ಲಿಂದ ಕಲ್ಲಿಗೆ ಹಾರಿಸುತ್ತ ಇಳಿಯುತ್ತಿದ್ದಳು. ಕೂಗಿದರೆ ತಿರುಗಿ ನೋಡಿ ಬಿದ್ದಾಳು ಅಂತ ಸೆರಗು ಬಾಯಿಗೆ ಒತ್ತಿಕೊಂಡೆ. ಮನೆಯಲ್ಲೂ ಬಾಯಿ ಬಿಡಲಿಲ್ಲ. ತಿಳಿದರೆ ಅವರಪ್ಪ ಸೈಕಲ್ಲೇ ಬೇಡ ಅಂದಾನು.

ಅಂಗಡಿಯವರು ಹಗುರಾದ್ದೊಂದನ್ನು ತೆಗೆದರು. ಮುಂದಿನ ಗಾಲಿಗಷ್ಟೇ ಶಾಕ್ ಅಬ್ಸಾರ್ಬರ್, ಟಯರ್ ತೆಳ್ಳಗೆ. "ರಸ್ತಾಕ್ಕ ಇಷ್ಟ ಸಾಕ್ರಿ."

"ಒಂದು ಸೈಜ್ ದೊಡ್ಡದು ಕೊಡ್ರಿ, ಬಾಳಿಕಿ ಬರ್ತದ," ಅಂದುಬಿಟ್ಟೆ. ನಮ್ಮ ಮನೆಗಳ ಅಭ್ಯಾಸ ಅದು. ಶೂ, ಯೂನಿಫಾರ್ಮ್, ಎಲ್ಲ ಒಂದು ಸೈಜ್ ದೊಡ್ಡದೇ.

ದೊಡ್ಡದರ ಮೇಲೆ ಹುಡುಗಿ ಕಾಲು ಹಾಕಿದಳು. ಬೆರಳ ತುದಿ ಮಾತ್ರ ನೆಲಕ್ಕೆ ತಾಗಿತು. ನನ್ನ ಎಡ ಮೊಣಕೈ ಚಳಕ್ ಅಂದಿತು. ನನ್ನ ಕಾನ್ವೆಂಟ್ ದಿನಗಳಲ್ಲಿ ಅಪ್ಪ ಇಂಥದ್ದೇ ಲೇಡೀಸ್ ಸೈಕಲ್ ತಂದಿದ್ದರು, ಕಾಲು ಎಟುಕದ್ದು. ಧಾರವಾಡದ ಇಳಿಜಾರಿನಲ್ಲಿ ನಿಲ್ಲಿಸಲಾಗದೆ ಬಿದ್ದೆ. ಆ ಕೈ ಇವತ್ತಿಗೂ ಪೂರ್ತಿ ಚಾಚುವುದಿಲ್ಲ.

"ಬ್ಯಾಡ್ರಿ!" ಹ್ಯಾಂಡಲ್ ಹಿಡಿದುಕೊಂಡೆ. "ಆಕಿ ಸುಳ್ಳ ಹೇಳ್ಯಾಳ. ಟೇಕಡಿ ಇಳೀತಾಳ್ರಿ. ಕಲ್ಲಿನ ಮ್ಯಾಲಿಂದ ಹಾರಸ್ತಾಳ."

"ಅಜ್ಜೀ! ನೀ ಸ್ಪೈ ಏನ?"

"ಹೌದು, ಸ್ಪೈ. ಸುಮ್ಮನಿರು."

ಅಂಗಡಿಯವರು ನಗಲಿಲ್ಲ. ಅದನ್ನು ಒಳಗಿಟ್ಟು ಬೇರೆಯದನ್ನು ತಂದರು: ಎರಡೂ ಗಾಲಿಗೆ ಶಾಕ್, ದಪ್ಪ ಟಯರ್, ಡಿಸ್ಕ್ ಬ್ರೇಕ್, ಅವಳದೇ ಅಳತೆ. "ಬೀಳಂಗಿಲ್ಲ ಅಂತ ನಾ ಹೇಳಂಗಿಲ್ಲ, ಅಜ್ಜಿ. ಬ್ರೇಕ್ ಹಿಡದ್ರ ನಿಲ್ತದ, ಅಷ್ಟ."

ಈ ಸಲ ಎರಡೂ ಅಂಗಾಲು ನೆಲದ ಮೇಲೆ ಊರಿದವು.

"ಅಪ್ಪಗ ಹೇಳ್ತೀಯೇನ?" ಪಿಸುಗುಟ್ಟಿದಳು.

"ನೀನ ಹೇಳು. ಹೆಲ್ಮೆಟ್ ಹಾಕ್ಕೊಂಡು ಹೇಳು."

ಹೇಳಿದಳು. ಎರಡು ದಿನ ಮನೆ ಬಿಸಿಯಾಗಿತ್ತು, ಸೈಕಲ್ ಉಳಿಯಿತು. ಈಗ ಭಾನುವಾರ ನಾನು ಟೇಕಡಿ ಹತ್ತುವುದಿಲ್ಲ, ಧೈರ್ಯ ಸಾಲದು. ಬುಡದಲ್ಲೇ ನಿಂತು, ಅವಳ ಬ್ರೇಕಿನ ಕಿರುಗುಟ್ಟುವ ಸದ್ದು ಕೇಳುವತನಕ ಮೊಣಕೈ ಹಿಡಿದುಕೊಂಡಿರುತ್ತೇನೆ.